ಬೋರ್ ಲಾರಿ ಬಿಟ್ಟ ಸಣ್ಣಬೀರಯ್ಯ

ಸಣ್ಣಬೀರಯ್ಯ ಬೋರ್‌ವೆಲ್ ಲಾರಿ ಹತ್ತಿದಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಹನಗೋಡಿಗೆ ಒಂದು ಮೈಲಿ ದೂರದ ಅವನ ಹಳ್ಳಿಗೆ ಸೇಲಂ ಕಡೆಯ ಲಾರಿಯೊಂದು ಬಾವಿ ಕೊರೆಯಲು ಬಂದಿತ್ತು. ಪೈಪು ಎತ್ತಿಕೊಡುವ ಆಳು ಜ್ವರ ಬಂದು ಮಲಗಿದ್ದರಿಂದ ಎರಡು ದಿನದ ಮಟ್ಟಿಗೆಂದು ಇವನು ಕೈಹಾಕಿದ. ಲಾರಿ ಊರು ಬಿಟ್ಟಾಗ ಅದರ ಜೊತೆಗೇ ಹೊರಟುಬಿಟ್ಟ. ಆರೇಳು ವರ್ಷದಲ್ಲಿ ಡ್ರಿಲ್ಲರ್ ಆದ. ಅನಂತಪುರ, ಲಾತೂರು, ಜಾಲ್ನಾ ಅಂತ ಲಾರಿ ಹೋದ ಕಡೆಯೆಲ್ಲ ಹೋದ. ಕೊರೆಯುವಾಗ ಮೇಲೆ ಬರುವ ಪುಡಿಯ ಬಣ್ಣ ನೋಡಿ ಕೆಳಗೆ ಎಂಥ ಬಂಡೆಯಿದೆ ಎಂದು ಹೇಳಬಲ್ಲವನಾದ. ಈ ನಡುವೆ ಭೇರ್ಯದ ಕಡೆಯ ಸುನಂದಮ್ಮನ ಜೊತೆ ಮದುವೆಯಾಯಿತು, ಶಾಂತಲಾ ಹುಟ್ಟಿದಳು. ಆರು ತಿಂಗಳಿಗೊಮ್ಮೆ ಊರಿಗೆ ಬಂದು, ಹದಿನೈದು ದಿನ ಇದ್ದು, ಮತ್ತೆ ಹೊರಡುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆಯೇ ಕಳೆಯಿತು. ಕಂಪ್ರೆಸರ್ ಪಕ್ಕದಲ್ಲೇ ನಿಂತು ನಿಂತು ಎಡಗಿವಿ ಮಂದವಾಗಿತ್ತು, ಮಾತು ಜೋರಾಗಿತ್ತು.

೨೦೦೧ರ ಫೆಬ್ರವರಿಯಲ್ಲಿ ಲಾರಿ ರಿಪೇರಿಗೆ ನಿಂತಿದ್ದರಿಂದ ಅವನು ಮನೆಯಲ್ಲಿದ್ದ. ಒಂದು ಬೆಳಗ್ಗೆ ಜಗಲಿಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆಯುತ್ತಿದ್ದಾಗ ಶಾಲೆಯ ರುದ್ರಸ್ವಾಮಿ ಮೇಷ್ಟ್ರು ಜನಗಣತಿ ಬರೆಯಲು ಬಂದರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಸುನಂದಮ್ಮ ಬಾಗಿಲಲ್ಲಿ ನಿಂತು ತನ್ನ ಹೆಸರು, ಅತ್ತೆ ಚಿಕ್ಕಬೀರಮ್ಮನ ಹೆಸರು, ಮಗಳ ಹೆಸರು ಹೇಳಿ ಮುಗಿಸಿದಳು. ಮೇಷ್ಟ್ರು ತಲೆಯೆತ್ತಿ ಜಗಲಿಯ ಕಡೆ ನೋಡಿ, ಮತ್ತೆ ಇವರು ಅಂದರು.

"ಅವ್ರು ಇಲ್ಲಿ ಇರಾಕಿಲ್ಲ ಸಾ," ಎಂದಳು ಸುನಂದಮ್ಮ. "ಲಾರಿ ನಿಂತ ಕಡೆ ಯಾರಾರ ಬರ್ಕೊಂಡಿರ್ತಾರೆ."

ಅವಳ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮೇಷ್ಟ್ರು ನಕ್ಕು ಅವನ ಹೆಸರನ್ನೂ ಬರೆದುಕೊಂಡರು. ಸಣ್ಣಬೀರಯ್ಯನೂ ನಕ್ಕ. ಆದರೆ ಅರ್ಧ ಗಡ್ಡಕ್ಕೆ ಹಚ್ಚಿದ್ದ ಸೋಪು ಒಣಗುವವರೆಗೆ ಅವನ ಕೈ ಮೇಲೇಳಲಿಲ್ಲ.

ಆ ವಾರದಲ್ಲೇ ಅವನು ಹಾಲಿನ ಡೈರಿಯ ಸೆಕ್ರೆಟರಿ ಚನ್ನಬಸವಣ್ಣನವರ ಮುಂದೆ ಹೋಗಿ ನಿಂತ. ಹಾಲು ಪರೀಕ್ಷೆ ಮಾಡುತ್ತಿದ್ದ ಹುಡುಗ ಕೆಲಸ ಬಿಟ್ಟಿದ್ದು ಅವನಿಗೆ ಗೊತ್ತಿತ್ತು. ಚನ್ನಬಸವಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದರು. ದೇಶ ಸುತ್ತಿದವನಿಗೆ ಇದು ಒಗ್ಗುವ ಕೆಲಸವಲ್ಲ ಎಂದು ಅವರಿಗೆ ಅನುಮಾನ.

"ಬೆಳಿಗ್ಗೆ ಆರಕ್ಕೆ ಇಲ್ಲಿರಬೇಕು, ಸಾಯಂಕಾಲ ಐದಕ್ಕೆ ಇಲ್ಲಿರಬೇಕು. ಭಾನುವಾರ ಇಲ್ಲ, ಹಬ್ಬ ಇಲ್ಲ. ಹುಣಸೂರಿಗೆ ಹೋದ್ರೂ ಸಂಜೆ ಹೊತ್ಗೆ ವಾಪಸ್ ಬಂದ್ಬುಡಬೇಕು. ಆಯ್ತದೇನಪ್ಪಾ?"

"ಅಂಥದ್ದೇ ಬೇಕಾಗಿರದು ಕಣ್ರೀ," ಎಂದ ಸಣ್ಣಬೀರಯ್ಯ.

ಮನೆಯಲ್ಲಿ ಹೇಳಿದಾಗ ಸುನಂದಮ್ಮ ಹಿಗ್ಗಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಸಂಬಳ ಅರ್ಧಕ್ಕಿಂತ ಕಡಿಮೆ ಎಂದು ತಿಳಿದ ಮೇಲೆ, ಚೆನ್ನಾಗಿ ಯೋಚನೆ ಮಾಡಿದ್ದೀರಾ ಎಂದಷ್ಟೇ ಕೇಳಿದಳು. ಲಾರಿ ಮಾಲೀಕ ಹನಗೋಡಿನ ಫೋನ್ ಬೂತಿಗೆ ಎರಡು ಸಲ ಫೋನ್ ಮಾಡಿದ. ಅವನಂಥ ಡ್ರಿಲ್ಲರ್ ಇನ್ನೊಬ್ಬ ಸಿಗುವುದಿಲ್ಲ ಎಂದ. ಆ ಮಾತು ಕೇಳಲು ಹಿತವಾಗಿತ್ತು. ಆದರೂ ಸಣ್ಣಬೀರಯ್ಯ ಬರುವುದಿಲ್ಲವೆಂದು ಹೇಳಿ ರಿಸೀವರ್ ಇಟ್ಟ.

ಮೈಸೂರಿನಲ್ಲಿ ಒಂದು ವಾರ ತರಬೇತಿ. ಅಲ್ಲಿದ್ದವರೆಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗರು, ಇವನಿಗೆ ನಲವತ್ತಮೂರು. ಕಬ್ಬಿಣದ ಪೈಪು ತಿರುಚಿದ ಕೈಗೆ ಗಾಜಿನ ಕೊಳವೆ ಹಿಡಿಯುವುದು ಬರಲಿಲ್ಲ. ಮೊದಲ ದಿನವೇ ಎರಡು ಒಡೆದವು. ಹುಡುಗರು ಇವನನ್ನು ಅಂಕಲ್ ಎಂದು ಕರೆದು ಚೂರುಗಳನ್ನು ಆರಿಸಿಕೊಟ್ಟರು. ಅವನು ಬೆವರುತ್ತ, ತುಟಿ ಕಚ್ಚಿಕೊಂಡು ಕಲಿತ. ವಾರದ ಕೊನೆಯ ಎರಡು ದಿನ ಒಂದೂ ಒಡೆಯಲಿಲ್ಲ.

ಏಪ್ರಿಲ್ ಒಂದರಿಂದ ಡೈರಿಯ ಕಿಟಕಿಯ ಹಿಂದೆ ಅವನು ನಿಂತ. ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ಅದು ತೋರಿಸುವ ಅಂಕಿ ಓದುವುದು ಮುಖ್ಯ ಕೆಲಸ. ಊರವರು ಅದನ್ನು ಡಿಗ್ರಿ ಎನ್ನುತ್ತಿದ್ದರು. ಡಿಗ್ರಿ ಇಳಿದರೆ ಹಾಲಿಗೆ ನೀರು ಬಿದ್ದಿದೆ ಎಂದು ಅರ್ಥ. ಕೆಲಸ ಅವನಿಗೆ ಬೇಗ ಒಗ್ಗಿತು. ಒಗ್ಗದಿದ್ದದ್ದು ಮನೆ.

ಹದಿನೈದು ದಿನದ ನೆಂಟನಾಗಿ ಬರುತ್ತಿದ್ದಾಗ ಮನೆಯಲ್ಲಿ ಎಲ್ಲವೂ ಅವನ ಸುತ್ತ ತಿರುಗುತ್ತಿತ್ತು. ಈಗ ಬೆಳಗ್ಗೆ ಎಂಟರಿಂದ ಸಂಜೆಯವರೆಗೆ ಅವನು ಅಲ್ಲೇ ಇರುತ್ತಿದ್ದ. ಲಾರಿಯ ಆಳುಗಳಿಗೆ ಹೇಳಿದಂತೆ ಎಲ್ಲರಿಗೂ ಕೆಲಸ ಹೇಳುತ್ತಿದ್ದ. ರಾಗಿ ಮೂಟೆಗಳನ್ನು ಆ ಗೋಡೆಯಿಂದ ಈ ಗೋಡೆಗೆ ಬದಲಾಯಿಸಿದ. ಹನಗೋಡಿನ ಹೈಸ್ಕೂಲಿನಿಂದ ಶಾಂತಲಾ ಅರ್ಧ ಗಂಟೆ ತಡವಾಗಿ ಬಂದರೆ ಬೀದಿಗೆ ಕೇಳುವಂತೆ ಯಾಕೆ ಎಂದು ಕೇಳಿದ. ಮಧ್ಯಾಹ್ನ ಜಗಲಿಗೆ ಬಂದು ಕೂತು ಹುಣಸೆಹಣ್ಣು ಬಿಡಿಸುತ್ತ ಹರಟುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸುನಂದಮ್ಮ ಏನೂ ಅನ್ನಲಿಲ್ಲ. ಅವಳ ಮೌನ ಅವನಿಗೆ ಒಪ್ಪಿಗೆಯ ಹಾಗೆ ಕಂಡಿತು.

ಜೂನ್ ತಿಂಗಳ ಒಂದು ಬೆಳಗ್ಗೆ ಸಾಲಿನಲ್ಲಿ ಇಪ್ಪತ್ತು ಜನ ನಿಂತಿದ್ದರು. ಮನೆಯ ಹಸುವಿನ ಹಾಲು ತಂದಿದ್ದ ಸುನಂದಮ್ಮನ ಸರದಿ ಬಂತು. ಅವಳ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟ. ಇಪ್ಪತ್ತೆಂಟರ ಹತ್ತಿರ ಇರಬೇಕಾದದ್ದು ಇಪ್ಪತ್ತಮೂರಕ್ಕೆ ನಿಂತಿತು. ಇನ್ನೊಮ್ಮೆ ನೋಡಿದ, ಅಷ್ಟೇ ಇತ್ತು. ಸ್ವಂತ ಮನೆಯ ಹಾಲೆಂದು ಬಿಟ್ಟರೆ ನಾಳೆ ಯಾರ ಹಾಲನ್ನೂ ತಿರುಗಿಸುವ ಹಾಗಿಲ್ಲ ಎನ್ನುವುದೊಂದೇ ಅವನ ತಲೆಯಲ್ಲಿತ್ತು. ನೀರು ಬೆರೆಸಿದ್ದೀಯ, ತಗೊಂಡು ಹೋಗು ಎಂದು ತನ್ನ ಎಂದಿನ ಜೋರು ಗಂಟಲಲ್ಲಿ ಹೇಳಿಬಿಟ್ಟ. ಸುನಂದಮ್ಮ ಕ್ಯಾನಿನ ಮುಚ್ಚಳ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಅವನು ಮನೆಗೆ ಬಂದಾಗ ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ತಾಯಿ ಚಿಕ್ಕಬೀರಮ್ಮ ನಡುಮನೆಯಲ್ಲಿ ಕೂತಿದ್ದಳು, ಪಕ್ಕದಲ್ಲಿ ತಿರುಗಿ ಬಂದ ಕ್ಯಾನು. ಹಾಲು ಕರೆಯುತ್ತಿದ್ದದ್ದು ಅವಳೇ. ಏನಾಯಿತೆಂದು ಅವನು ಕೇಳಿದಾಗ ಮುದುಕಿ ಅಂಜಲಿಲ್ಲ, ಅಳಲೂ ಇಲ್ಲ.

"ಕರೆದ ತಂಬಿಗೇಲಿ ಹಾಲು ಅಂಟ್ಕಂಡಿರ್ತದೆ ಕಣ್ಲಾ ಮಗ. ಒಸಿ ನೀರು ಆಕಿ ಗಲಬರಿಸಿ ಕ್ಯಾನಿಗೇ ಉಯ್ಯದು. ನಮ್ಮವ್ವನೂ ಅಂಗೇ ಮಾಡಾಳು. ಚೆಲ್ಲಕ್ಕಾಯ್ತದಾ?"

ಇಷ್ಟು ದಿನ ಹಾಲು ಹೆಚ್ಚಿದ್ದರಿಂದ ಅದು ಡಿಗ್ರಿಗೆ ಸಿಕ್ಕಿರಲಿಲ್ಲ. ಈಗ ಹಸು ಗಬ್ಬವಾಗಿ ಹಾಲು ಇಳಿದಿತ್ತು. ನೀರು ಮಾತ್ರ ಮೊದಲಿನಷ್ಟೇ ಬೀಳುತ್ತಿತ್ತು. ತನ್ನ ಮನೆಯ ಹಸುವನ್ನು ಯಾರು ಕರೆಯುತ್ತಾರೆ, ಹೇಗೆ ಕರೆಯುತ್ತಾರೆ ಎಂದು ಸಣ್ಣಬೀರಯ್ಯ ಒಂದು ದಿನವೂ ಕೊಟ್ಟಿಗೆಗೆ ಹೋಗಿ ನೋಡಿರಲಿಲ್ಲ.

ಹಿತ್ತಲಿಗೆ ಹೋಗಿ, ಅದು ಅವ್ವನ ಕೆಲಸವಂತೆ ಎಂದ. ಸುನಂದಮ್ಮ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ. ಗೊತ್ತು ಎಂದಳು. ಅಲ್ಲೇ ಹೇಳಬಹುದಿತ್ತಲ್ಲ ಎಂದು ಅವನು ಕೇಳಿದ.

"ಅತ್ತೆ ಮ್ಯಾಲೆ ಆಕಿ ನಾನು ಒಳ್ಳೇಳಾಗ್ಬೇಕಿತ್ತಾ?" ಎಂದಳು. ಆಮೇಲೆ ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟು ಅವನ ಕಡೆ ತಿರುಗಿದಳು. "ಇಷ್ಟು ವರ್ಸ ಈ ಬೀದೀಲಿ ಒಬ್ಳೇ ಬದುಕಿದೀನಿ. ನನ್ನ ಯಾರೂ ಒಂದು ಮಾತು ಅಂದಿರ್ನಿಲ್ಲ. ನೀವು ಮನೇಗೆ ಬಂದ್ರಿ, ಸಂತೋಸ. ಈ ಮನೆ ಎಂಗೆ ನಡೀತದೆ ಅಂತ ಒಂದಿನ ಕೇಳುದ್ರಾ?"

ಅವನ ಬಲಗಿವಿ ಅವಳ ಕಡೆಗಿತ್ತು. ಪ್ರತಿ ಮಾತೂ ಕೇಳಿಸಿತು. ಅವಳು ಹಿಂಡಿಟ್ಟ ಬಟ್ಟೆಗಳನ್ನು ತೆಗೆದುಕೊಂಡು ಹೋಗಿ ಒಂದೊಂದಾಗಿ ತಂತಿಯ ಮೇಲೆ ಹರವಿದ.

ಆ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ತಾಯಿಯ ಪಕ್ಕ ನಿಂತು ನೋಡಿದ. ತಂಬಿಗೆ ಗಲಬರಿಸಿದ ನೀರನ್ನು ಕರುವಿನ ಬಾನಿಗೆ ಹಾಕಿಸಿದ. ಕ್ಯಾನನ್ನು ತಾನೇ ಹೊತ್ತುಕೊಂಡು ಡೈರಿಗೆ ಹೋದ. ಕಿಟಕಿ ತೆರೆಯುವ ಮೊದಲು ಸಾಲಿನ ಮುಂದೆ ನಿಂತು, ಬೆಳಗ್ಗೆ ತಾನು ಆಡಿದ ಮಾತು ತಪ್ಪೆಂದ. ತಂಬಿಗೆ ತೊಳೆದ ನೀರಿನ ಸಂಗತಿ ಹೇಳಿದ. ಅದರಲ್ಲಿ ತನ್ನ ಹೆಂಡತಿಯ ಪಾಲು ಏನೂ ಇಲ್ಲ, ವಿಚಾರಿಸದೆ ಮಾತಾಡಿದವನು ತಾನೇ ಎಂದ. ಹಿಂದಿದ್ದ ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಮ್ಮನೇಲೂ ಅದೇ ಅಂದಳು. ಇನ್ನೂ ಮೂರ್ನಾಲ್ಕು ಜನ ಹೌದೆಂದರು. ತಂಬಿಗೆ ತೊಳೆದ ನೀರು ಕ್ಯಾನಿಗೆ ಹಾಕಬಾರದು ಎಂದು ಚನ್ನಬಸವಣ್ಣ ಮರುದಿನ ಒಂದು ಬೋರ್ಡು ಬರೆಸಿ ತೂಗುಹಾಕಿದರು.

ಅವನು ತಪ್ಪೊಪ್ಪಿಕೊಂಡ ಸುದ್ದಿ ಆ ಸಂಜೆ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಊಟಕ್ಕೆ ಕೂತಾಗ ಅವನ ಸಾರಿಗೆ ಒಂದು ಚಮಚ ತುಪ್ಪ ಬಿತ್ತು. ಅಂದಿನಿಂದ ಅವನು ಮಧ್ಯಾಹ್ನದ ಹೊತ್ತು ಹೊಲದ ಕಡೆ ಹೋಗಿ ಕಳೆ ಕೀಳತೊಡಗಿದ. ಜಗಲಿ ಹೆಂಗಸರಿಗೆ ಉಳಿಯಿತು. ಕೆಲವು ಸಲ ಈಗಲೂ ಗಂಟಲು ಏರುತ್ತಿತ್ತು. ಶಾಂತಲಾ, ಅಪ್ಪ, ಕೇಳುಸ್ತದೆ ಎನ್ನುತ್ತಿದ್ದಳು, ಅವನು ತಗ್ಗಿಸುತ್ತಿದ್ದ.

ಆಗಸ್ಟಿನಲ್ಲಿ ಭೇರ್ಯದಿಂದ ಸುನಂದಮ್ಮನ ಅಣ್ಣ ಬಂದ. ತನ್ನ ಮಗಳಿಗೆ ಹೆರಿಗೆಯಾಗಿದೆ, ಬಾಣಂತನಕ್ಕೆ ಹತ್ತು ದಿನ ಬಾ ಎಂದು ಕರೆದ. ಸುನಂದಮ್ಮ ಅಭ್ಯಾಸದಂತೆ, ಬೆಳಗ್ಗೆ ಬಂದು ಸಂಜೆಗೆ ವಾಪಸಾಗುತ್ತೇನೆ ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ತವರಿಗೆ ಹೋದದ್ದೆಲ್ಲ ಹಾಗೆಯೇ. ಹುಣಸೂರು, ಕೆ.ಆರ್. ನಗರ ಅಂತ ಮೂರು ಬಸ್ಸು ಬದಲಿಸಿ ಹೋಗಿ, ಉಂಡ ಕೈ ಒಣಗುವ ಮೊದಲೇ ಹೊರಡುತ್ತಿದ್ದಳು. ಹಸು, ಮುದುಕಿ, ಶಾಲೆಯ ಮಗಳು ಇವರನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

"ಹತ್ತು ದಿನ ಇದ್ದು ಬಾ," ಎಂದ ಸಣ್ಣಬೀರಯ್ಯ. "ನಾನು ಎಲ್ಲಿಗೂ ಹೋಗಾಕಿಲ್ವಲ್ಲ."

ಅವಳು ನಂಬದವಳಂತೆ ಅವನ ಮುಖ ನೋಡಿದಳು. ಮುದ್ದೆ ತಿರುವಲು ಬರುತ್ತದೆಯೇ ಎಂದು ಕೇಳಿದಳು. ಲಾರಿಯಲ್ಲಿ ಎಂಟು ಜನಕ್ಕೆ ತಿರುವಿದ್ದೇನೆ ಎಂದ. ಮರುದಿನ ಅವಳು ಎರಡು ಸೀರೆ ಹೆಚ್ಚಿಗೆ ಇಟ್ಟುಕೊಂಡು ಹೊರಟಳು.

ಕರು ಹಾಕಿ ವಾರವಷ್ಟೇ ಆಗಿದ್ದ ಹಸು ಹೊಸ ಕೈಗೆ ಒದೆಯಿತು. ತಾಯಿಯ ಬೆರಳುಗಳಲ್ಲಿ ಹೊತ್ತು ಹೊತ್ತಿಗೆ ಕರೆಯುವ ಶಕ್ತಿ ಉಳಿದಿರಲಿಲ್ಲ, ಕರು ಹಾಕಿದ ಮೇಲೆ ಸುನಂದಮ್ಮನೇ ಕರೆಯುತ್ತಿದ್ದಳು. ಸುನಂದಮ್ಮನ ಹಳೇ ಸೀರೆ ಹೊದ್ದುಕೋ ಎಂದು ಮುದುಕಿಯೇ ಉಪಾಯ ಹೇಳಿಕೊಟ್ಟಳು. ತಲೆ ಮೇಲೆ ಸೆರಗು ಎಳೆದುಕೊಂಡು ಕುಕ್ಕರುಗಾಲಲ್ಲಿ ಕೂತ ಅಪ್ಪನನ್ನು ನೋಡಿ ಶಾಂತಲಾ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಅವನಿಗೂ ನಗು ಬಂತು. ಹಸು ಮಾತ್ರ ತಣ್ಣಗೆ ನಿಂತು ಹಾಲು ಬಿಟ್ಟಿತು.

ಸುನಂದಮ್ಮ ಹತ್ತಲ್ಲ, ಹನ್ನೆರಡು ದಿನ ಇದ್ದು ಬಂದಳು. ಕೆನ್ನೆ ತುಂಬಿಕೊಂಡಿತ್ತು. ಚೀಲ ಕೆಳಗಿಟ್ಟವಳೇ ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನು ಸವರಿದಳು, ಒಲೆಯ ಸುತ್ತ ಕಣ್ಣಾಡಿಸಿದಳು. ಉಪ್ಪಿನ ಜಾಡಿ ಬೇರೆ ಜಾಗದಲ್ಲಿತ್ತು. ಅದನ್ನು ಎತ್ತಿ ಮೊದಲಿದ್ದ ಕಡೆ ಇಟ್ಟಳು. ಮಗುವಿನ ನಾಮಕರಣ ಮೂರು ತಿಂಗಳಿಗಂತೆ, ಆಗ ಮತ್ತೆ ಹೋಗಬೇಕು ಎಂದಳು. ಹೋಗು ಎಂದ ಸಣ್ಣಬೀರಯ್ಯ. ಐದು ಗಂಟೆಯಾಗುತ್ತ ಬಂದಿತ್ತು. ಕ್ಯಾನು ಎತ್ತಿಕೊಂಡು ಡೈರಿಯ ಕಡೆ ನಡೆದ.