ಉದ್ಘಾಟನೆಯ ರೋಗಿ

"ಹಲ್ಲು ಕಿರೀಬೇಡ ಕಣೋ ನನ್ಮಗನೆ! ಮಂತ್ರಿಗಳು ಹತ್ರ ಬಂದಾಗ ಕೈ ಮುಗಿ. ಕಣ್ಣಲ್ಲಿ ನೀರು ಬಂದ್ರೆ ಇನ್ನೂ ಒಳ್ಳೇದು," ಎಂದ ಆಸ್ಪತ್ರೆಯ ಮ್ಯಾನೇಜರು.

ಹಮಾಲಿ ಹಲ್ಲು ಕಿರಿದಿರಲಿಲ್ಲ. ವಾರ್ಡ್‌ಬಾಯ್ ಒಣ ಬ್ಲೇಡಿನಲ್ಲಿ ಅವನ ತೊಡೆಸಂದು ಬೋಳಿಸುತ್ತಿದ್ದ. ಉರಿಗೆ ಮುಖ ಕಿವುಚಿಕೊಂಡಿತ್ತು. ಪರದೆ ಅರ್ಧ ತೆರೆದೇ ಇತ್ತು. ಹೆಂಡತಿ ಗೋಡೆಗೆ ಮುಖ ತಿರುಗಿಸಿ ನಿಂತಿದ್ದಳು.

ಮೊನ್ನೆ ಲಾರಿಯಿಂದ ಸಿಮೆಂಟಿನ ಮೂಟೆ ಇಳಿಸುವಾಗ ಅವನ ಎದೆಯಲ್ಲಿ ಛಳಕು ಹೊಡೆದಿತ್ತು. ಹೆಂಡತಿ ಇಲ್ಲಿಗೆ ಎಳೆದು ತಂದಿದ್ದಳು. ಚಿಕ್ಕ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, "ಹೃದಯ ಗಟ್ಟಿಯಾಗಿದೆ ಅಣ್ಣ, ಮಾಂಸಖಂಡ ಹಿಡ್ಕೊಂಡಿದೆ. ನಾಕು ದಿನ ಭಾರ ಎತ್ತಬೇಡ," ಎಂದಿದ್ದಳು. ಸಂಜೆ ದೊಡ್ಡ ಡಾಕ್ಟರು ಬಂದು ಅದೇ ಕಾಗದಗಳನ್ನು ಮಗುಚಿ ಹಾಕಿ, ರಕ್ತನಾಳ ಕಟ್ಟಿದೆ, ತೊಡೆಸಂದಿಯಿಂದ ನಳಿಗೆ ತೂರಿಸಿ ಸ್ಟೆಂಟ್ ಹಾಕಬೇಕು, ಎಲ್ಲ ಬಿಟ್ಟಿ, ಹೆಬ್ಬೆಟ್ಟು ಒತ್ತು ಎಂದರು. ಹೆದರಿ ಒತ್ತಿದ್ದ.

ಈಗ ಅವನನ್ನು ಮಲಗಿಸಿದ ಟ್ರಾಲಿಯನ್ನು ಹೊಸ ಆಪರೇಷನ್ ಕೋಣೆಯ ಹಿಂಬಾಗಿಲ ಬಳಿ ತಂದು ನಿಲ್ಲಿಸಿದ್ದರು. ಕಂಬದ ಆಚೆ ಡಾಕ್ಟರಮ್ಮನ ದನಿ: "ಸರ್, ಅವರಿಗೆ ಏನೂ ಇಲ್ಲ."

"ಮಂತ್ರಿಗಳು ಟೇಪು ಕತ್ತರಿಸೋಕೆ ನಿಂತಿದಾರೆ. ಸ್ಟೆಂಟ್ ಕಂಪನಿಯೋರು ಕ್ಯಾಮೆರಾ ತಂದಿದಾರೆ. ಖಾಲಿ ಟೇಬಲ್ ತೋರಿಸ್ಲಾ? ನಿನಗೆ ಕೆಲಸ ಬೇಕೋ ಬೇಡ್ವೋ?" ದೊಡ್ಡ ಡಾಕ್ಟರು ಗದರಿದರು.

ಡಾಕ್ಟರಮ್ಮನ ಚಪ್ಪಲಿಯ ಸದ್ದು ದೂರವಾಯಿತು.

ಹಮಾಲಿ ಎದ್ದು ಕೂತು ಕಾಲು ಕೆಳಗಿಟ್ಟ.

"ಮಲಕ್ಕೊಳೋ!" ಮ್ಯಾನೇಜರು ಓಡಿ ಬಂದ.

"ನೀನೇ ಮಲಕ್ಕೊ ಬಡ್ಡಿಮಗನೆ. ನಿನ್ನೆದೆಗೇ ಹಾಕಿಸ್ಕೊ."

ಆಸ್ಪತ್ರೆಯ ನಿಲುವಂಗಿಗೆ ಹಿಂದೆ ಎರಡೇ ದಾರ. ಬೆನ್ನು, ಕುಂಡಿ ಎಲ್ಲ ಬಯಲು. ಹೆಂಡತಿ ಟವೆಲು ಹಿಡಿದು ಹಿಂದೆಯೇ ಬಂದಳು. "ಮುಚ್ಕೊಳಯ್ಯಾ..."

"ನೋಡ್ಲಿ ಬಿಡೇ."

ನಾಲ್ಕು ಹೆಜ್ಜೆ ಹೋಗಿರಲಿಲ್ಲ. "ಎದುರು ವಾರ್ಡಿನ ಮುದುಕನ್ನ ಎತ್ಕೊಂಡ್ಬನ್ನಿ, ಬೇಗ!" ಎಂದು ಮ್ಯಾನೇಜರು ಕೂಗಿದ್ದು ಕೇಳಿಸಿತು. ಅವನು ನಿಂತು ನೋಡುತ್ತಿದ್ದಂತೆ ಇಬ್ಬರು ಆ ಮುದುಕನನ್ನು ತಂದು ಟ್ರಾಲಿಯ ಮೇಲೆ ಕೂರಿಸಿದರು. "ನಂಗೆ ಬರೀ ಜ್ವರ ಕಣಪ್ಪಾ... ಇದೆಲ್ಲ ಯಾಕೆ?" ಮುದುಕ ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳುತ್ತಿದ್ದ.

ಹಮಾಲಿ ತಿರುಗಿ ಬಂದ. ಟ್ರಾಲಿಗೆ ಬೆನ್ನು ಕೊಟ್ಟು ಬಗ್ಗಿದ.

"ಹತ್ತು ಅಜ್ಜ."

ಮುದುಕನ ಮೈ ಬರಿಬೆನ್ನಿಗೆ ಕೆಂಡದ ಹಾಗೆ ತಾಗಿತು. ನೆಟ್ಟಗೆ ನಿಲ್ಲುವಷ್ಟರಲ್ಲಿ ಎದೆ ಮತ್ತೆ ಹಿಡಿಯಿತು, ತುಟಿ ಕಚ್ಚಿಕೊಂಡ. ಒಳಗೆ ಚಪ್ಪಾಳೆ ಶುರುವಾಗಿತ್ತು. ಮ್ಯಾನೇಜರು ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತ.

"ಸರಿಯೋ ಅತ್ಲಾಗೆ," ಎಂದಳು ಹೆಂಡತಿ.

ಅವನು ಸರಿಯಲಿಲ್ಲ. ಅವಳು ಟವೆಲು ಬಿಸಾಕಿ, ಖಾಲಿ ಟ್ರಾಲಿಯನ್ನು ಅವನ ಮೊಣಕಾಲಿಗೇ ನೇರ ಮಾಡಿ, ಇದ್ದಬದ್ದ ಬಲವೆಲ್ಲ ಹಾಕಿ ನೂಕಿದಳು.