ಗಾಲಿಯ ಜಾಗದ ಕಲ್ಲು

ಕಲ್ಲಿನಡಿಯಿಂದ ಓತಿಕ್ಯಾತವೊಂದು ತಲೆ ಹೊರಹಾಕಿ ಮತ್ತೆ ಒಳಗೆ ಸರಿಯಿತು, ಜಾಣ ಪ್ರಾಣಿ, ಈ ಬಿಸಿಲಿನಲ್ಲಿ ನೆರಳೆಂದರೆ ಅದೊಂದೇ, ನನ್ನ ವೋಚೋ, ಈ ಹಳೇ ಬೀಟಲ್ ಕಾರಿನ ಮುಂದಿನ ಎಡಗಾಲಿ ಇರಬೇಕಾದ ಜಾಗ, ಈಗ ಅಲ್ಲಿ ಚಪ್ಪಟೆ ಕಲ್ಲು — ನಾನೇ ಹೊತ್ತು ತಂದದ್ದು, ತಮ್ಮನ ಕಾರು ಏಳಲೆಂದು ನನ್ನದನ್ನು ಕೂರಿಸಿದ್ದು. ಅಕ್ಕಾ, ನಿನ್ನ ತೋಳು ಬಿಚ್ಚಿಕೊಡೇ, ಅಂದ ಕುಕೊ, ಗಾಲಿ ಹೊರುವ ಕಬ್ಬಿಣದ ತೋಳು ಅವನದು ಬಂಡೆಗೆ ಬಡಿದು ಎರಡು ತುಂಡಾಗಿತ್ತು, ದಾಟಿ ಹೋಗಬಹುದಿತ್ತು ನಾನು, ಹಾರನ್ ಹೊಡೆದು ಹೋಗಿಬಿಡಬಹುದಿತ್ತು. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲಬೇಕು, ತಂಡ ಅಂದ್ರೆ ಅದೇ — ಗ್ಯಾರೇಜಿನಲ್ಲಿ ಎಲ್ಲರಿಗೂ ಹಾಗೆ ಪಾಠ ಹೇಳಿದವಳು ಯಾರು, ನಾನೇ, ಈ ಎವುಲಾಲಿಯಾ, ಗ್ಯಾರೇಜಿನ ಹುಡುಗರಿಗೆ ದೋನ್ಯಾ ಲಾಲಾ. ಇಷ್ಟು ವರ್ಷ ಇವರ ಕಾರುಗಳ ಕೆಳಗೆ ಮಲಗಿ ಕಣ್ಣಿಗೆ ಎಣ್ಣೆ ಬೀಳಿಸಿಕೊಂಡವಳು, ಈ ಮರಳುಗಾಡಿನ ರೇಸಿನಲ್ಲಿ ಮೊದಲ ಸಲ ಸ್ಟೀರಿಂಗ್ ಹಿಡಿದಿದ್ದೆ, ಗೆಲ್ಲಬೇಕೆಂದಲ್ಲ, ಗಡುವಿನೊಳಗೆ ರೇಸು ಮುಗಿಯುವ ಊರು, ಎನ್ಸೆನಾದಾ, ಮುಟ್ಟಿದರೆ ಸಾಕಿತ್ತು, ಒಂದೇ ಒಂದು ಸಲ.

ತೋಳು ಜೋಡಿಸುವಾಗ ಕುಕೊ ನನ್ನ ಬೆಸುಗೆಯ ಮೇಲೆ ಬೆರಳಾಡಿಸಿದ, ಹೋದ ತಿಂಗಳು ಇದೇ ಬೆಸುಗೆಗೆ ಎಷ್ಟು ನಕ್ಕಿದ್ದ, ಅಕ್ಕನ ಬೆಸುಗೆ ಅಕ್ಕನ ಸೊಂಟದ ಹಾಗೆ, ದಪ್ಪ, ಕಾರಿಗೆ ಭಾರ, ನಂಗೆ ಬೇಡಪ್ಪ. ತೆಳ್ಳಗಿನದು ಮುರಿಯಿತು, ದಪ್ಪದ್ದು ಹೊರಟಿತು, ಹೊರಡುತ್ತಾ ಅವನಂದ, ಹಿಂದಿನಿಂದ ಚಾಯೊ ತಂಡದ ಲಾರಿ ತರ್ತಾನೆ, ಅದರಲ್ಲಿ ಇನ್ನೊಂದು ತೋಳಿದೆ, ನಿನ್ನನ್ನ ಬಿಟ್ಟು ಹೋಗ್ತೀನಾ ಅಕ್ಕಾ — ಧೂಳು, ಆಮೇಲೆ ಧೂಳೂ ಇಲ್ಲ. ಲಾರಿ ಬಂದದ್ದು ನಿಜ, ಹಿಂದೆ ಪೇರಿಸಿದ ಟೈರುಗಳ ನಡುವೆ ಹೊಸ ತೋಳು ಹೊಳೆಯುತ್ತಿತ್ತು, ಕೈ ಚಾಚಿದರೆ ಸಿಗುತ್ತಿತ್ತು, ಚಾಯೊ ಎಂಜಿನ್ ಕೂಡ ಆರಿಸಲಿಲ್ಲ, ಕೊಡಬೇಡ ಅಂದಿದಾನೆ ಕುಕೊ, ರೇಡಿಯೋದಲ್ಲಿ, ದಾರೀಲಿ ಮತ್ತೆ ಮುರಿದ್ರೆ ಅವನಿಗೇ ಬೇಕಂತೆ, ನನ್ ಮೇಲೆ ಸಿಟ್ಟಾಗಬೇಡಿ ದೋನ್ಯಾ ಲಾಲಾ. ಸಿಟ್ಟೇನು, ಹೇಳಿದಷ್ಟು ಮಾಡುವವನು, ನೀರಿನ ಬಾಟಲಿ ಕೊಟ್ಟು ಹೋದ, ತಣ್ಣಗಿತ್ತು ನೀರು.

ನಾಬೊರ್ ಪಕ್ಕದಲ್ಲಿ ಕೂತು ಒಣಮಾಂಸ ಸುತ್ತಿದ ಬುರ್ರಿತೊ ರೊಟ್ಟಿಯನ್ನು ಎರಡು ತುಂಡು ಮಾಡುತ್ತಾನೆ, ದೊಡ್ಡ ತುಂಡು ನನಗೆ, ದಾರಿ ಓದಿ ಹೇಳಲು ನನ್ನ ಜೊತೆ ಹತ್ತಿದ ಹುಚ್ಚ, ದಾರಿಯೇ ಇಲ್ಲ ಈಗ ಅವನಿಗೆ. ಅಕ್ಕೋರೇ, ಈ ಕಲ್ಲಿಗೂ ತಂಡದ ಟೀಶರ್ಟ್ ಹೊಲಿಸೋಣ, ನಮ್ ತಂಡದಲ್ಲಿ ಓಡಿಹೋಗದೆ ನಿಂತಿರೋದು ಇದೊಂದೇ. ನಗು ಬಂತು, ಬಾಯಿತುಂಬ ಮರಳು. ರೇಡಿಯೋ ಗೊರಗೊರ, ಕುಕೊ ದನಿ — ಕೊನೇ ಗೆರೆ ದಾಟಿದ್ವಿ, ನಾವು ಗೆದ್ವಿ ಅಕ್ಕಾ, ನಾವು — ನಾವು ಅಂದರೆ ಯಾರೋ, ನಾಬೊರ್ ಕೇಳುತ್ತಿದ್ದಾನೆ, ಆ ಹೊಸ ತೋಳು ಏನಾಯ್ತೋ, ಅಲ್ಲಿ ಬಿಯರ್ ಸೀಸೆಗಳ ಸದ್ದು, ನಗು, ಅದಾ, ಲಾರೀಲೇ ಇದೆ, ಬೇಕೇ ಆಗ್ಲಿಲ್ಲ ಕಣೋ, ಅಕ್ಕನ ಬೆಸುಗೆ ಅಲ್ವಾ.

ಬೇಕೇ ಆಗಲಿಲ್ಲ. ಬಿಸಿಲು ಓರೆಯಾಯಿತು, ಗಡುವು ಮುಗಿಯಿತು, ಓತಿಕ್ಯಾತವೂ ಎದ್ದು ಹೋಯಿತು, ಕಾರಿನ ಭಾರವೆಲ್ಲ ಹೊತ್ತು ಅಲ್ಲೇ, ಗಾಲಿಯ ಜಾಗದಲ್ಲಿ, ಕಲ್ಲು —