ಕೆಂಪು ಕಾರು, ಬೂದು ಕಾರು, ಅಕ್ಕನ ಪಾದ

ಬೆಳಕಿನ ಗೆರೆಯೊಂದು ಕೆಂಪು ಬಾನೆಟ್ಟಿನ ಮೇಲೆ ಜಾರಿ, ಬಾಗಿಲ ಬಳಿ ಬಳುಕಿ, ಹಿಂದಿನ ಚಕ್ರದ ಉಬ್ಬನ್ನು ಏರಿ, ಎಲ್ಲೂ ಮುರಿಯದೆ ಬಾಲದವರೆಗೆ ಹೋಯಿತು — ಅಲ್ಲ, ಗೆರೆ ಅಲ್ಲೇ ಇದೆ, ಸರಿದದ್ದು ತಾನು, ಎರಡು ಹೆಜ್ಜೆ, ಈ ಸಂಜೆಯೊಳಗೆ ಎರಡು ಬಾಗಿಲಿನ ಈ ಕೂಪೆ ಕಾರೋ ಪಕ್ಕದ ಬೂದು ಕೂಪೆಯೋ ಹೇಳಿಬಿಡಬೇಕು, ಮೂರು ಸಲ ಬಂದು ಮೂರು ಸಲವೂ ಯೋಚಿಸಿ ಹೇಳ್ತೀನಿ ಎಂದು ಹೊರಟುಹೋದವಳು, ಇವತ್ತೂ ಹಾಗೇ ಹೋದರೆ ಇನ್ನೆಂದೂ ಬರುವುದಿಲ್ಲ, ತನ್ನ ಸ್ವಭಾವ ತನಗೆ ಗೊತ್ತಿಲ್ಲವೇ, ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ತೂಕದ ಕಲ್ಲುಗಳನ್ನೇ ತೂಗಿ ಸರಿ ತಪ್ಪು ಹೇಳಿದವಳು, ಬೆರಳಿನ ಬೆವರೂ ತೂಕಕ್ಕೆ ಸೇರೀತೆಂದು ಇಕ್ಕಳದಲ್ಲೇ ಕಲ್ಲು ಎತ್ತಿದವಳು, ನಿವೃತ್ತಿಯಾಗಿ ಎರಡು ತಿಂಗಳಾದರೂ ಚೀಟಿ ಬರೆದುಕೊಂಡೇ ಬಂದಿದ್ದಾಳೆ, ಅಂದಕ್ಕೆ ಮೂವತ್ತು, ಸದ್ದಿಗೆ ನಲವತ್ತು, ತಂತ್ರಜ್ಞಾನಕ್ಕೆ ಮೂವತ್ತು — ಏನೇ ಅದು ಚೀಟಿ, ಕಾಪಿ ಹೊಡೆಯೋಕೆ ತಂದಿದೀಯಾ, ಎಂದಳು ಅಕ್ಕ, ಶೋರೂಮಿನ ಸೋಫಾದಲ್ಲಿ ಕೂತು ಬಲಪಾದ ಆಡಿಸುತ್ತ, ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು, ಹೊಲಿಗೆ ಯಂತ್ರ ಮಾರಿ ಹತ್ತು ವರ್ಷವಾಯಿತು, ಆ ಸುದ್ದಿಯನ್ನು ಪಾದಕ್ಕೆ ಇನ್ನೂ ಯಾರೂ ಹೇಳಿಲ್ಲ.

ಚಿಕ್ಕಂದಿನಲ್ಲೂ ಹೀಗೆಯೇ, ರಸ್ತೆಗೆ ತೆರೆದ ಒಂದೇ ಕೋಣೆಯ ಅಂಗಡಿ, ಮೇಜಿನ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಪುಸ್ತಕ ಹಿಡಿದು ಕೂತ ಅವಳು, ಕಣ್ಣಿನ ಮಟ್ಟಕ್ಕೆ ಸರಿಯಾಗಿ ಪೆಡಲ್ ಮೇಲೆ ಅಕ್ಕನ ಪಾದ, ಮತ್ತು ದಿನಾ ಐದು ಗಂಟೆಗೆ ಹಲ್ಲಿನ ಡಾಕ್ಟರರ ಎರಡು ಬಾಗಿಲಿನ ಕಾರು, ತಿರುವಿನಲ್ಲಿ ಅದರ ಗುರುಗುರು ಕೇಳಿಸಿದ್ದೇ ತಡ ಪಾದ ನಿಲ್ಲುತ್ತಿತ್ತು, ಕೇಳ್ಕೋ ಪುಟ್ಟಿ, ಬಂತು ನಿನ್ನ ಕಾರು, ಗಿರಾಕಿ ಎದುರು ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರೂ ಸರಿ, ಸದ್ದು ಮರೆಯಾಗುವ ತನಕ ಪಾದ ಅಲುಗದು — ದೊಡ್ಡವಳಾದ್ಮೇಲೆ ಒಂದು ತಗೋತೀನಿ ಅಕ್ಕಾ, ಪಕ್ಕದ ಸೀಟು ನಿಂದೇ, ತಗೊಳ್ಳುವಿಯಂತೆ ತಾಯಿ, ಮೊದಲು ಆ ಲೆಕ್ಕ ಮುಗಿಸು.

ಮೊದಲು ಕೆಂಪು ಓಡಿಸಿ ನೋಡಿ, ಬನ್ನಿ ಮೇಡಂ, ಎಂದ ಸೇಲ್ಸ್‌ಮನ್, ಕೂಪೆಯ ಹಿಂದಿನ ಸೀಟಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿ ಕೂತ ಪಾಪ, ಗುಂಡಿ ಒತ್ತಿದರೆ ಎಂಥ ಗರ್ಜನೆ, ಬೆನ್ನುಹುರಿಯೆಲ್ಲ ಜುಮ್ಮೆಂದಿತು, ನಲವತ್ತಕ್ಕೆ ನಲವತ್ತು, ಮೊಳದುದ್ದದ ಪರದೆ, ಅದರೊಳಗಿಂದ ಒಬ್ಬಳು ದಯವಿಟ್ಟು ಸೀಟ್ ಬೆಲ್ಟ್ ಧರಿಸಿ ಎಂದರೆ ಅಕ್ಕ, ಹಾಕ್ಕೋತಿದೀನಿ ಕಣಮ್ಮ, ಸ್ವಲ್ಪ ತಾಳು — ನಗುತ್ತ ಓರೆಗಣ್ಣಿನಲ್ಲಿ ನೋಡಿದರೆ ಪಾದ ಆಡುತ್ತಲೇ ಇದೆ, ಹಿಮ್ಮಡಿ, ಬೆರಳು, ಯಾಕೆ ನಿಂತಿಲ್ಲ, ಸದ್ದು ಹಿಡಿಸಲಿಲ್ವಾ ಅಕ್ಕಾ, ಚೆನ್ನಾಗಿದೆ, ಆದ್ರೆ ಎಂಜಿನ್ನು ಇರೋದು ಮುಂದೆ ಅಲ್ವಾ, ಇದು ನನ್ನ ಬೆನ್ನ ಹಿಂದಿಂದ ಬರ್ತಿದೆಯಲ್ಲೇ, ಹಿಂದೆ ಮಡಚಿ ಕೂತವನು ಪೆಚ್ಚುನಗೆ ನಕ್ಕು, ಸರಿಯಾಗಿ ಹಿಡಿದ್ರಿ ಅಮ್ಮಾ, ಅರ್ಧ ಸದ್ದು ಸ್ಪೀಕರ್‌ದು, ಬೇಡಾಂದ್ರೆ ಆಫ್ ಮಾಡಬಹುದು, ಪರದೆ ಮುಟ್ಟಿದರೆ ಗರ್ಜನೆ ಹೋಗಿ ಒಂದು ಸಣ್ಣ ಗುಂಯ್, ಅಯ್ಯೋ, ಫ್ರಿಜ್ಜು ಕಣೇ ಇದು, ಅಕ್ಕತಂಗಿಯರಿಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು, ಕಾರು ರಸ್ತೆಬದಿಗೆ ಹಾಕಿ ಕಣ್ಣೊರೆಸಿಕೊಳ್ಳಬೇಕಾಯಿತು, ನಲವತ್ತು ಹೋಗಿ ಹತ್ತು.

ಬೂದು ಕಾರಿನದು ಮುಖ ಊದಿಸಿಕೊಂಡ ಮೂತಿ, ಬೆಳಕಿನ ಗೆರೆ ಬಾಗಿಲಲ್ಲೇ ಮುರಿಯುತ್ತದೆ, ಅಂದಕ್ಕೆ ಹದಿನೆಂಟು ಕೊಟ್ಟರೆ ಹೆಚ್ಚು, ಪರದೆ ಅಂಗೈಯಗಲ, ಹನ್ನೆರಡು, ಮಾತಾಡೋ ಹುಡುಗಿ ಇದರಲ್ಲಿಲ್ವಾ ಎಂದು ಅಕ್ಕನಿಗೇ ಬೇಸರ, ಒಟ್ಟು ಕೂಡಿದರೆ ಕೆಂಪೇ ಗೆಲ್ಲಬಹುದು, ಲೆಕ್ಕ ಲೆಕ್ಕವೇ, ಗುಂಡಿ ಒತ್ತಿದಳು, ಜೋರೇನಿಲ್ಲ, ಸ್ವಲ್ಪ ಒರಟು, ಗಂಟಲು ಸರಿಪಡಿಸಿಕೊಂಡಂತೆ, ಸದ್ದು ಕಿವಿಗಿಂತ ಮೊದಲು ನೆಲದಿಂದ ಅಂಗಾಲಿಗೆ ಬಂತು, ತಿರುವು ಕಳೆದು ಏರು, ಏರಿನಲ್ಲಿ ಅದು ಮೆಲ್ಲಗೆ ಬಿಚ್ಚಿಕೊಂಡು ದಪ್ಪವಾಗಿ ಗುರುಗುರು — ಸಿಗ್ನಲ್ಲಿನಲ್ಲಿ ನಿಲ್ಲಿಸಿ ನಲವತ್ತಕ್ಕೆಷ್ಟು ಎಂದು ಚೀಟಿ ತಡಕಿದರೆ ಅದು ಸೀಟಿನ ಸಂದಿಗೆ ಬಿದ್ದಿದೆ, ಬೀಳಲಿ, ಇದರಲ್ಲಿ ಸ್ಪೀಕರ್ ಇಲ್ಲ ಮೇಡಂ ಎನ್ನುತ್ತಿದ್ದಾನೆ ಅವನು, ಅಕ್ಕ ಕಿಟಕಿಯಾಚೆ ನೋಡುತ್ತಿದ್ದಾಳೆ, ತನ್ನ ಕಣ್ಣು ಮತ್ತೆ ಕೆಳಗೆ, ಅಕ್ಕನ ಪಾದಕ್ಕೆ, ಹಿಮ್ಮಡಿ, ಬೆರಳು, ಹಿಮ್ಮಡಿ — ಬೆರಳು ಇಳಿಯಲಿಲ್ಲ, ಇದೇ, ಎಂದಳೋ ಅಂದುಕೊಂಡಳೋ ತಂಗಿ, ಮೇಡಂ, ಹಸಿರು ಬಿತ್ತು, ಹಿಂದೆ ಯಾರೋ ಹಾರ್ನ್, ಇನ್ಯಾರೋ ಹಾರ್ನ್, ಹೊಡೆದುಕೊಳ್ಳಲಿ, ಹಿಮ್ಮಡಿ ಊರಿ, ಬೆರಳು ಮೇಲೆತ್ತಿ, ನಿಂತ ಪಾದ, ನಿಂತೇ ಇರುವ ಪಾದ